ಒಬ್ಬನಿಗೋಸ್ಕರ: ಧಾರವಾಡದ ಒಂದು ಅರ್ಜಿಯೂ ಮಾನವ ಹಕ್ಕುಗಳ ತಾತ್ವಿಕ ನೆಲೆಯೂ

ರೋಣ ತಾಲೂಕಿನ ಬೆಳವಣಕಿ ಎರೆನೆಲದ ಊರು. ಜೋಳ, ಕಡಲೆ, ಹತ್ತಿ ಬೆಳೆಯುವ ಈ ಬಯಲುಸೀಮೆಯ ಯಾವ ಊರಿನಲ್ಲಿಯೇ ಆಗಲಿ, ಇಂದು ಒಂದು ಮಗುವಿನ ಹೆಸರನ್ನು ಸರಕಾರಿ ಶಾಲೆಗೆ ಹಚ್ಚಬೇಕಾದರೆ ತಂದೆತಾಯಿಗಳು ಯಾರ ಮುಂದೆಯೂ ಕೈಮುಗಿದು ಬೇಡಬೇಕಾಗಿಲ್ಲ. ಶಾಲೆಯ ಬಾಗಿಲು ತೆರೆದಿರುವುದು ಅಧಿಕಾರಿಯ ದಯೆಯಿಂದಲ್ಲ, ಊರ ಹಿರಿಯರ ಔದಾರ್ಯದಿಂದಲೂ ಅಲ್ಲ. ಅದು ಆ ಮಗುವಿನ ಹಕ್ಕು. ಭಾರತದ ಸಂವಿಧಾನವು ಹೀಗೆಂದು ಹೇಳುತ್ತದೆ. ೧೯೪೮ರ ಸಾರ್ವತ್ರಿಕ ಮಾನವ ಹಕ್ಕುಗಳ ಘೋಷಣೆಯ ೨೬ನೆಯ ವಿಧಿಯೂ ಇದನ್ನೇ ಹೇಳುತ್ತದೆ.

ಆದರೆ ಅದು ಹಕ್ಕು ಏಕೆ? ಕಾನೂನು ಹೇಳಿದ ಕಾರಣದಿಂದಲೋ, ರಾಷ್ಟ್ರಗಳು ಕೂಡಿ ಸಹಿ ಹಾಕಿದ ಕಾರಣದಿಂದಲೋ, ಅಥವಾ ಕಾನೂನಿಗೂ ಸಹಿಗೂ ಮೊದಲೇ ಆ ಮಗುವಿನಲ್ಲಿ ಇರುವ ಯಾವುದೋ ಒಂದರ ಕಾರಣದಿಂದಲೋ? ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನಿನ ತಾತ್ವಿಕ ಸಮರ್ಥನೆ ಎಂದು ಪಂಡಿತರು ಕರೆಯುವುದು ಈ ಪ್ರಶ್ನೆಯನ್ನೇ. ಇದು ಜಿನೀವಾ, ಪ್ಯಾರಿಸ್‌ಗಳ ಸಭಾಂಗಣಗಳಿಗೆ ಸೇರಿದ ಪ್ರಶ್ನೆಯೆಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಆದರೆ ಘೋಷಣೆ ಹುಟ್ಟುವುದಕ್ಕೆ ೯೨ ವರ್ಷಗಳ ಮೊದಲೇ, ನಮ್ಮ ಧಾರವಾಡದಲ್ಲಿ, ಒಬ್ಬ ಹುಡುಗನು ಇದನ್ನು ಕಾಗದದ ಮೇಲೆ ಬರೆಸಿ ಸರಕಾರದ ಮುಂದಿಟ್ಟನು. ೧೯೯೭ರಲ್ಲಿ ಗದಗ ಜಿಲ್ಲೆ ರೂಪುಗೊಳ್ಳುವವರೆಗೂ ರೋಣ, ನರಗುಂದ ತಾಲೂಕುಗಳೆರಡೂ ಧಾರವಾಡ ಜಿಲ್ಲೆಯ ಭಾಗಗಳಾಗಿದ್ದವು. ಆದ್ದರಿಂದ ಅವನ ಅರ್ಜಿಯು ಈ ಸೀಮೆಯ ಇತಿಹಾಸವೇ ಆಗಿದೆ. ಆ ಅರ್ಜಿಗೆ ದೊರೆತ ಉತ್ತರಗಳನ್ನು ಪರಿಶೀಲಿಸಿ, ಅವುಗಳ ಬೆಳಕಿನಲ್ಲಿ ಸಭೆಯ ಹೊಣೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಅರ್ಜಿ ಮತ್ತು ಉತ್ತರ

೧೮೫೪ರಲ್ಲಿ ಚಾರ್ಲ್ಸ್ ವುಡ್ ಅವರ ಶಿಕ್ಷಣ ಆದೇಶವು ಇಂಗ್ಲೆಂಡಿನಿಂದ ಬಂದಿತು. ಮೇಲಿನ ಕೆಲವರಿಗಷ್ಟೇ ಅಲ್ಲ, ಜನಸಾಮಾನ್ಯರಿಗೂ ವಿದ್ಯೆಯನ್ನು ತಲುಪಿಸುವುದು ಸರಕಾರದ ಕರ್ತವ್ಯವೆಂದು ಅದು ಸಾರಿತು. ಎರಡು ವರ್ಷ ಕಳೆದು, ೧೮೫೬ರ ಜೂನ್ ತಿಂಗಳಲ್ಲಿ, ಧಾರವಾಡದ ಸರಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸಲ್ಪಟ್ಟ ಹುಡುಗನೊಬ್ಬನು ಮುಂಬಯಿ ಸರಕಾರಕ್ಕೆ ಅರ್ಜಿ ಸಲ್ಲಿಸಿದನು. ಶಿಕ್ಷಣ ಇಲಾಖೆಯ ವರದಿಗಳು ಅವನನ್ನು ಮಹಾರ ಹುಡುಗನೆಂದು ಕರೆಯುತ್ತವೆ. ಅವನು ಕೇಳಿದ್ದು ಶಾಲೆಯೊಳಗೆ ಇತರರು ಕುಳಿತಲ್ಲಿ ಕುಳಿತು ಕಲಿಯುವ ಅವಕಾಶವೊಂದನ್ನೇ.

ಅದೇ ವರ್ಷದ ಜುಲೈ ತಿಂಗಳಲ್ಲಿ ಸರಕಾರವು ನಿರ್ಣಯ ಕೈಗೊಂಡಿತು. ಆ ನಿರ್ಣಯದ ಸಾರವು ಮೂರು ಮಾತುಗಳಲ್ಲಿದೆ. ಮೊದಲನೆಯದಾಗಿ, ವಿಚಾರದ ಮಟ್ಟದಲ್ಲಿ ನ್ಯಾಯವು ಅರ್ಜಿದಾರನ ಪಕ್ಷದಲ್ಲಿದೆ ಎಂಬುದನ್ನು ಸರಕಾರವು ಒಪ್ಪಿಕೊಂಡಿತು. ಎರಡನೆಯದಾಗಿ, ಒಬ್ಬನಿಗೋಸ್ಕರವೋ ಕೆಲವರಿಗೋಸ್ಕರವೋ ಯುಗಯುಗಗಳಿಂದ ಬೇರೂರಿದ ಭಾವನೆಗಳನ್ನು ಒಮ್ಮೆಲೇ ಕದಡಿದರೆ ಶಿಕ್ಷಣಕಾರ್ಯಕ್ಕೇ ದೊಡ್ಡ ಹಾನಿಯಾದೀತೆಂದು ಭಾವಿಸಿತು. ಮೂರನೆಯದಾಗಿ, ಅರ್ಜಿದಾರನು ಅನುಭವಿಸುತ್ತಿರುವ ತೊಂದರೆಯು ಈ ಸರಕಾರದಿಂದ ಹುಟ್ಟಿದುದಲ್ಲವಾದ್ದರಿಂದ ಅದನ್ನು ತಟ್ಟನೆ ನಿವಾರಿಸುವುದು ತನ್ನಿಂದಾಗದೆಂದು ತಿಳಿಸಿತು. ನ್ಯಾಯವನ್ನು ಒಪ್ಪಿಕೊಂಡು ಅರ್ಜಿಯನ್ನು ತಳ್ಳಿಹಾಕಿದ ನಿರ್ಣಯವಿದು.

ಈ ನಿರ್ಣಯವನ್ನು ಬರೆದವರನ್ನು ಕೇವಲ ಕ್ರೂರಿಗಳೆಂದು ಬಗೆಯುವುದು ಸುಲಭ. ಆದರೆ ಅದು ನ್ಯಾಯವಲ್ಲ. ಅವರ ಭಯಕ್ಕೆ ಆಧಾರವಿತ್ತು. ಆ ಹುಡುಗನು ಒಳಗೆ ಬಂದರೆ ಉಳಿದವರು ಹೊರಗೆ ಹೋಗಬಹುದಾಗಿತ್ತು; ಶಾಲೆ ಬರಿದಾಗಬಹುದಾಗಿತ್ತು; ಹೊಸದಾಗಿ ತಲೆಯೆತ್ತುತ್ತಿದ್ದ ಸಾರ್ವಜನಿಕ ಶಿಕ್ಷಣವೇ ನಿಂತುಹೋಗಬಹುದಾಗಿತ್ತು. ತಕ್ಕಡಿಯ ಒಂದು ತಟ್ಟೆಯಲ್ಲಿ ಒಬ್ಬ ಹುಡುಗ, ಮತ್ತೊಂದು ತಟ್ಟೆಯಲ್ಲಿ ನೂರಾರು ಮಕ್ಕಳು. ಇಂತಹ ಲೆಕ್ಕವು ಆ ಕಾಲದ ಆಡಳಿತಕ್ಕೆ ಪರಿಚಿತವೂ ಗೌರವಾರ್ಹವೂ ಆಗಿತ್ತು. ಹೆಚ್ಚು ಜನರ ಹೆಚ್ಚು ಸುಖವೇ ಶಾಸನದ ಅಳತೆಗೋಲೆಂದು ಕಲಿಸಿದ ಜೆರೆಮಿ ಬೆಂಥಮ್, ಮನುಷ್ಯನಿಗೆ ಹುಟ್ಟಿನಿಂದಲೇ ಹಕ್ಕುಗಳಿವೆ ಎಂಬ ಮಾತನ್ನು ಅರ್ಥಹೀನವೆಂದು ಹಾಸ್ಯಮಾಡಿದ್ದರು. ಅವರ ಪರಂಪರೆಯ ಅತ್ಯಂತ ಸೂಕ್ಷ್ಮ ಚಿಂತಕರಾದ ಜಾನ್ ಸ್ಟೂವರ್ಟ್ ಮಿಲ್, ಈ ಅರ್ಜಿಯ ವರ್ಷಗಳಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿಯೇ ಹಿರಿಯ ಅಧಿಕಾರಿಯಾಗಿದ್ದರು. ಮಿಲ್ ಹಕ್ಕನ್ನು ಅಲ್ಲಗಳೆಯಲಿಲ್ಲ. ಆದರೆ ಸಮಾಜವು ಒಬ್ಬನ ಹಕ್ಕನ್ನು ಏಕೆ ಕಾಯಬೇಕೆಂಬ ಪ್ರಶ್ನೆಗೆ ಅವರು ಕೊನೆಗೆ ಕೊಟ್ಟ ಉತ್ತರವು ಎಲ್ಲರ ಹಿತವೆಂಬುದೇ ಆಗಿತ್ತು. ಎಲ್ಲರ ಹಿತವೇ ಒಬ್ಬನಿಗೆ ವಿರೋಧವಾಗಿ ನಿಂತಾಗ ಏನು ಮಾಡಬೇಕು? ಧಾರವಾಡದ ಅರ್ಜಿಯು ಈ ತತ್ವವನ್ನು ಅದರ ಅತ್ಯಂತ ದುರ್ಬಲವಾದ ಸ್ಥಳದಲ್ಲಿ ಮುಟ್ಟಿತು.

ಸುವಾರ್ತೆಗಳನ್ನು ಓದುವವರಿಗೆ ಆ ಮೂರು ಮಾತುಗಳು ಅಪರಿಚಿತವಲ್ಲ. ಈತನಲ್ಲಿ ತಪ್ಪು ಕಾಣಿಸುವುದಿಲ್ಲವೆಂದು ಒಪ್ಪಿಕೊಂಡೂ ಒಪ್ಪಿಸಿಕೊಟ್ಟವನು ಪಿಲಾತನು. ಈ ವಿಷಯದಲ್ಲಿ ನನಗೆ ಸಂಬಂಧವಿಲ್ಲವೆಂದು ಜನರ ಮುಂದೆ ಕೈತೊಳೆದುಕೊಂಡವನೂ ಅವನೇ. ಇಡೀ ಜನಾಂಗವು ಹಾಳಾಗುವುದಕ್ಕಿಂತ ಒಬ್ಬನು ಸಾಯುವುದು ಮೇಲೆಂದು ಆಲೋಚನಾಸಭೆಯಲ್ಲಿ ಲೆಕ್ಕ ಹೇಳಿದವನು ಮಹಾಯಾಜಕನಾದ ಕಾಯಫನು (ಯೋಹಾನ ೧೧:೫೦). ಕಾಯಫನೂ ಮೂರ್ಖನಾಗಿರಲಿಲ್ಲ, ರೋಮನರ ಭಯವು ನಿಜವೇ ಆಗಿತ್ತು. ಅವನ ಮಾತು ಜವಾಬ್ದಾರಿಯುತವಾದ ಆಡಳಿತದ ಮಾತಿನಂತೆಯೇ ಕೇಳಿಸುತ್ತದೆ. ಅದರ ದುಷ್ಟತನವನ್ನು ಗುರುತಿಸುವುದು ಕಷ್ಟವಾಗಿರುವುದೂ ಅದಕ್ಕಾಗಿಯೇ.

ಹಕ್ಕು ಎಂಬ ಪದ

ಅರ್ಜಿಯ ಹೊಸತನವನ್ನು ಅರಿಯಬೇಕಾದರೆ ಆಗ ಈ ಸೀಮೆಯಲ್ಲಿ ಹಕ್ಕು ಎಂಬ ಪದಕ್ಕಿದ್ದ ಅರ್ಥವನ್ನು ಗಮನಿಸಬೇಕು. ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಈ ಪದವು ಮರಾಠರ ಆಡಳಿತದ ಕಂದಾಯ ಕಡತಗಳಲ್ಲಿ ವತನ, ಇನಾಮುಗಳ ಜೊತೆಯಲ್ಲಿ ಬಳಕೆಯಲ್ಲಿತ್ತು. ಗೌಡಿಕೆಗೆ ಹಕ್ಕಿತ್ತು, ಕುಲಕರ್ಣಿಕೆಗೆ ಹಕ್ಕಿತ್ತು, ದೇಸಗತಿಗೆ ಹಕ್ಕಿತ್ತು. ಅಂದರೆ ಹಕ್ಕು ಎಂಬುದು ಒಂದು ಮನೆತನಕ್ಕೆ, ಒಂದು ಪದವಿಗೆ ಅಂಟಿಕೊಂಡು ತಂದೆಯಿಂದ ಮಗನಿಗೆ ಇಳಿದು ಬರುವ ಸೊತ್ತಾಗಿತ್ತು. ಅದಕ್ಕೆ ಆಧಾರ ರೂಢಿ.

ಅರ್ಜಿಯ ಪ್ರಕರಣವು ಇನ್ನೂ ನಡೆಯುತ್ತಿದ್ದ ೧೮೫೮ರಲ್ಲಿ ಇದೇ ಸೀಮೆಯ ನರಗುಂದದಲ್ಲಿ ಬಂಡಾಯವೆದ್ದಿತು. ಸಂಸ್ಥಾನಾಧಿಪತಿಯಾದ ಭಾಸ್ಕರರಾವ್ ಭಾವೆ, ಅಂದರೆ ನರಗುಂದದ ಬಾಬಾಸಾಹೇಬರು, ದತ್ತಕ ತೆಗೆದುಕೊಳ್ಳಲು ಕಂಪನಿಯ ಅನುಮತಿಯನ್ನು ಕೇಳಿದ್ದರು; ಅದು ನಿರಾಕರಿಸಲ್ಪಟ್ಟಿತು. ಅವರು ಶಸ್ತ್ರವನ್ನೆತ್ತಿದರು, ಆ ವರ್ಷವೇ ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಅವರ ಹಕ್ಕೊತ್ತಾಯವು ಸತ್ಯವಾದದ್ದು, ಅವರಿಗಾದ ಅನ್ಯಾಯವೂ ಸತ್ಯವಾದದ್ದು. ಆದರೆ ಅದು ರೂಢಿಯಿಂದ ಬಂದ ಹಕ್ಕು, ವಂಶದ ಹಕ್ಕು. ಧಾರವಾಡದ ಹುಡುಗನ ಬಳಿ ತೋರಿಸಲು ಸನದು ಇರಲಿಲ್ಲ, ಮನೆತನದ ವತನವಿರಲಿಲ್ಲ. ರೂಢಿಯು ಅವನ ಪರವಾಗಿರುವುದಿರಲಿ, ಅವನನ್ನು ಹೊರಗಿಟ್ಟಿದ್ದೇ ರೂಢಿ. ಅಂಥವನು ಅರ್ಜಿ ಹಾಕಿದಾಗ ಹಕ್ಕು ಎಂಬ ಪದವು ತನ್ನ ಹಳೆಯ ನೆಲೆಯನ್ನು ಬಿಟ್ಟು ಹೊಸ ನೆಲೆಯನ್ನು ಹುಡುಕತೊಡಗಿತು. ಯಾವ ಪದವಿಯೂ ಇಲ್ಲದವನಿಗೆ, ಮನುಷ್ಯನೆಂಬ ಒಂದೇ ಕಾರಣಕ್ಕೆ, ಹಕ್ಕು ಇರಬಹುದೇ? ಬಾಬಾಸಾಹೇಬರ ಹುಟ್ಟು ಅವರಿಗೆ ಹಕ್ಕನ್ನು ಕೊಟ್ಟಿತ್ತು. ಈ ಹುಡುಗನ ಹುಟ್ಟು ಅವನಿಂದ ಹಕ್ಕನ್ನು ಕಸಿದುಕೊಂಡಿತ್ತು. ಎಲ್ಲ ಮನುಷ್ಯರೂ ಹುಟ್ಟಿನಿಂದಲೇ ಸ್ವತಂತ್ರರು, ಘನತೆಯಲ್ಲಿಯೂ ಹಕ್ಕುಗಳಲ್ಲಿಯೂ ಸಮಾನರು ಎಂದು ೧೯೪೮ರ ಘೋಷಣೆಯ ಮೊದಲನೆಯ ವಿಧಿ ಹೇಳುವಾಗ, ಹುಟ್ಟು ಎಂಬ ಆ ಪದದ ಭಾರವು ನಮ್ಮ ದೇಶದಲ್ಲಿ ತಿಳಿದಷ್ಟು ಬೇರೆಡೆ ತಿಳಿಯಲಾರದು.

ತತ್ವವು ಗೆದ್ದಿತು, ಆಧಾರವು ಮರೆಯಾಯಿತು

ಪ್ರಕರಣವು ಮುಂಬಯಿಯಲ್ಲಿ ಮುಗಿಯಲಿಲ್ಲ. ೧೮೫೭ರ ಆರಂಭದಲ್ಲಿ ಕಲಕತ್ತೆಯ ಭಾರತ ಸರಕಾರವು ಅದನ್ನು ಗಮನಿಸಿ, ಬಂಗಾಳದ ಶಾಲೆಗಳಲ್ಲಾಗಿದ್ದರೆ ಬಹುಶಃ ಇಂತಹ ಹುಡುಗನನ್ನು ಹೊರಗಿಡುತ್ತಿರಲಿಲ್ಲವೆಂಬ ಅಭಿಪ್ರಾಯವನ್ನು ತಿಳಿಸಿತು. ೧೮೫೮ರ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನ ನಿರ್ದೇಶಕರ ಮಂಡಲಿಯು ಕಡೆಯ ಆದೇಶವನ್ನು ಕೊಟ್ಟಿತು. ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವು. ಈ ತತ್ವದಿಂದ ಹಿಂಜರಿಯಲಾಗದು. ಇದರಿಂದ ಕೆಲವು ವಿದ್ಯಾರ್ಥಿಗಳು ಶಾಲೆಯನ್ನು ಬಿಟ್ಟುಹೋಗಬಹುದು. ಆದರೆ ಒಪ್ಪದವರು ತಮ್ಮ ಹಣದಿಂದ ತಮಗೆ ಬೇಕಾದ ಪ್ರತ್ಯೇಕ ಶಾಲೆಗಳನ್ನು ಕಟ್ಟಿಕೊಳ್ಳಲು ಸ್ವತಂತ್ರರು. ಆದೇಶದ ತಾತ್ಪರ್ಯವಿದು.

ಹಕ್ಕು ಎಂಬುದು ನಿಜವಾಗಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಈ ಆದೇಶವು ಸ್ಪಷ್ಟವಾಗಿ ತೋರಿಸುತ್ತದೆ. ನಿರ್ದೇಶಕರು ನಷ್ಟವಾಗುವುದಿಲ್ಲವೆಂದು ಹೇಳಲಿಲ್ಲ. ಮುಂಬಯಿಯವರ ಭಯವನ್ನು ಸುಳ್ಳೆಂದು ತಳ್ಳಿಹಾಕಲೂ ಇಲ್ಲ. ನಷ್ಟದ ಹೊರೆಯನ್ನು ಯಾರು ಹೊರಬೇಕೆಂಬುದನ್ನು ಮಾತ್ರ ಬದಲಾಯಿಸಿದರು. ೧೮೫೬ರ ನಿರ್ಣಯದ ಪ್ರಕಾರ ಸಮಾಜದ ಅಸಹನೆಯ ಬೆಲೆಯನ್ನು ಹೊರಗಿಡಲ್ಪಟ್ಟ ಹುಡುಗನು ತೆರಬೇಕಾಗಿತ್ತು; ೧೮೫೮ರ ಆದೇಶದ ಪ್ರಕಾರ ಅದನ್ನು ಅಸಹನೆಯುಳ್ಳವರೇ ತೆರಬೇಕು. ಹಕ್ಕು ಎಂದರೆ ಪರಿಣಾಮಗಳನ್ನು ಲೆಕ್ಕಿಸದಿರುವುದಲ್ಲ. ಒಬ್ಬ ಮನುಷ್ಯನನ್ನು ಹೊರಗಿಡುವುದನ್ನು ಇತರರ ನೆಮ್ಮದಿಯ ಬೆಲೆಯಾಗಿ ಮಾಡಲಾಗದೆಂಬ ನಿರ್ಣಯ. ತೊಂಬತ್ತೊಂಬತ್ತು ಕುರಿಗಳನ್ನು ಅಡವಿಯಲ್ಲಿ ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಲು ಹೊರಟ ಕುರುಬನ ಸಾಮ್ಯದಲ್ಲಿಯೂ (ಲೂಕ ೧೫) ಇದೇ ಇದೆ. ತೊಂಬತ್ತೊಂಬತ್ತಕ್ಕೆ ಬೆಲೆಯಿಲ್ಲವೆಂದು ಅದರ ಅರ್ಥವಲ್ಲ. ಒಂದನ್ನು ಕಳೆದುಕೊಳ್ಳುವುದು ಲಾಭನಷ್ಟದ ಖಾತೆಯಲ್ಲಿ ಬರೆದು ಮುಗಿಸುವ ಸಂಗತಿಯಲ್ಲವೆಂಬುದು ಅದರ ಅರ್ಥ.

ಆದರೂ ಆ ಆದೇಶದಲ್ಲಿ ಒಂದು ಕೊರತೆಯಿತ್ತು. ತತ್ವವು ಸರಿಯಾದದ್ದೆಂದು ಅದು ಹೇಳಿತು. ಏಕೆ ಸರಿಯಾದದ್ದೆಂದು ಹೇಳಲಿಲ್ಲ. ಅದೇ ವರ್ಷದ ನವೆಂಬರ್ ೧ರಂದು ಹೊರಟ ವಿಕ್ಟೋರಿಯಾ ರಾಣಿಯ ಘೋಷಣೆಯು ಎಲ್ಲ ಪ್ರಜೆಗಳಿಗೂ ಕಾನೂನಿನ ಸಮಾನ ರಕ್ಷಣೆಯನ್ನು ವಾಗ್ದಾನ ಮಾಡಿತು. ಅದೇ ಉಸಿರಿನಲ್ಲಿ ಈ ದೇಶದ ಪ್ರಾಚೀನ ಹಕ್ಕುಗಳಿಗೂ ರೂಢಿಗಳಿಗೂ ತಕ್ಕ ಮನ್ನಣೆಯನ್ನೂ ವಾಗ್ದಾನ ಮಾಡಿತು. ಇವೆರಡೂ ಒಂದಕ್ಕೊಂದು ಎದುರಾದಾಗ ಯಾವುದು ಬಾಗಬೇಕೆಂಬುದನ್ನು ನಿರ್ಣಯಿಸುವ ಆಧಾರವೇ ಇರಲಿಲ್ಲ. ಇದರ ಫಲವನ್ನು ೧೮೮೨ರ ಹಂಟರ್ ಆಯೋಗದಲ್ಲಿ ಕಾಣುತ್ತೇವೆ. ಆಯೋಗವು ಧಾರವಾಡದ ಪ್ರಕರಣವನ್ನು ನೆನೆದು ತತ್ವವನ್ನು ಮತ್ತೆ ಎತ್ತಿಹಿಡಿಯಿತು. ಆದರೆ ಅದನ್ನು ತಕ್ಕ ಎಚ್ಚರಿಕೆಯಿಂದ ಅನ್ವಯಿಸಬೇಕೆಂದೂ, ಅಸ್ಪೃಶ್ಯರೆನಿಸಿದವರಿಗೆ ಪ್ರತ್ಯೇಕ ಶಾಲೆಗಳನ್ನು ಉತ್ತೇಜಿಸಬೇಕೆಂದೂ ಸೇರಿಸಿತು. ೧೯೨೮ರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಹೇಳಿಕೆ ಸಲ್ಲಿಸಿದಾಗ ಧಾರವಾಡದ ಆ ಹುಡುಗನ ಅರ್ಜಿಯನ್ನು ಮತ್ತೆ ತೆಗೆದು ಮುಂದಿಟ್ಟರು. ಎಪ್ಪತ್ತು ವರ್ಷಗಳು ಕಳೆದಿದ್ದವು, ತತ್ವವು ಕಡತದಲ್ಲಿತ್ತು. ಆಧಾರವಿಲ್ಲದ ತತ್ವವನ್ನು ಎಚ್ಚರಿಕೆ ಎಂಬ ಮಾತು ಮೆಲ್ಲಮೆಲ್ಲನೆ ತಿಂದುಹಾಕಿತ್ತು.

ಏಕೆಂದು ಕೇಳದ ಒಪ್ಪಂದ

ಧಾರವಾಡದಲ್ಲಿ ನಡೆದದ್ದೇ ಲೋಕದ ಮಟ್ಟದಲ್ಲಿ ೧೯೪೭–೪೮ರಲ್ಲಿ ಮತ್ತೊಂದು ರೀತಿಯಲ್ಲಿ ನಡೆಯಿತು. ಮಹಾಯುದ್ಧದ ನಂತರ ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಘೋಷಣೆಯನ್ನು ರಚಿಸಲು ಹೊರಟಾಗ, ಈ ಹಕ್ಕುಗಳಿಗೆ ತಾತ್ವಿಕ ಆಧಾರವೇನೆಂದು ಯುನೆಸ್ಕೊ ಸಂಸ್ಥೆಯು ಲೋಕದ ಅನೇಕ ಚಿಂತಕರನ್ನು ಕೇಳಿತು. ಮಹಾತ್ಮಾ ಗಾಂಧಿಯವರು ಚಿಕ್ಕದೊಂದು ಪತ್ರದಲ್ಲಿ ಉತ್ತರಿಸಿದರು: ಓದುಬರಹವಿಲ್ಲದ ತಮ್ಮ ತಾಯಿಯಿಂದ ಕಲಿತಂತೆ, ಎಲ್ಲ ಹಕ್ಕುಗಳೂ ಚೆನ್ನಾಗಿ ನೆರವೇರಿಸಿದ ಕರ್ತವ್ಯದಿಂದ ಬರುತ್ತವೆ. ಇತರರು ಬೇರೆ ಬೇರೆ ಉತ್ತರಗಳನ್ನಿತ್ತರು. ಫ್ರಾನ್ಸಿನ ಕಥೋಲಿಕ ತತ್ವಜ್ಞಾನಿ ಜಾಕ್ ಮಾರಿಟೇನ್ ಈ ಅನುಭವವನ್ನು ನೆನೆಯುತ್ತಾ, ಹಕ್ಕುಗಳ ಪಟ್ಟಿಯ ವಿಷಯದಲ್ಲಿ ಎಲ್ಲರೂ ಒಪ್ಪುತ್ತಾರೆ, ಆದರೆ ಏಕೆಂದು ಯಾರೂ ಕೇಳಬಾರದೆಂಬ ಷರತ್ತಿನ ಮೇಲೆ ಮಾತ್ರ ಎಂಬರ್ಥದ ಮಾತನ್ನು ದಾಖಲಿಸಿದರು.

ಘೋಷಣೆಯ ಮೊದಲನೆಯ ವಿಧಿಯ ಚರ್ಚೆಯಲ್ಲಿ ಈ ಷರತ್ತು ಪರೀಕ್ಷೆಗೆ ಒಳಗಾಯಿತು. ಮನುಷ್ಯನು ದೇವಸ್ವರೂಪದಲ್ಲಿ ಉಂಟುಮಾಡಲ್ಪಟ್ಟವನೆಂಬ ಮಾತನ್ನು ಸೇರಿಸಬೇಕೆಂದು ಬ್ರೆಜಿಲ್ ದೇಶದ ಪ್ರತಿನಿಧಿಗಳು ಸೂಚಿಸಿದರು. ಕರಡು ರಚನೆಯಲ್ಲಿ ಮುಖ್ಯ ಪಾತ್ರ ವಹಿಸಿದ್ದ ಚೀನಾದ ಪಿ. ಸಿ. ಚಾಂಗ್ ಒಪ್ಪಲಿಲ್ಲ, ತಮ್ಮ ದೇಶದ ಜನರ ಪರಂಪರೆ ಬೇರೆಯೆಂದೂ, ಎಲ್ಲರಿಗೂ ಸೇರಿದ ಘೋಷಣೆಯಲ್ಲಿ ಅಂತಹ ಮಾತು ಸಲ್ಲದೆಂದೂ ವಾದಿಸಿದರು. ಸೂಚನೆಯನ್ನು ಹಿಂತೆಗೆದುಕೊಳ್ಳಲಾಯಿತು. ದೇವರ ಹೆಸರೂ ಹೋಯಿತು, ಪ್ರಕೃತಿಯ ಹೆಸರೂ ಹೋಯಿತು; ವಿವೇಕ, ಅಂತಃಕರಣ ಎಂಬ ಎರಡು ಪದಗಳು ಉಳಿದವು. ಆ ರಚನಾಕಾರ್ಯದಲ್ಲಿ ಲೆಬನಾನಿನ ಆರ್ಥೊಡಾಕ್ಸ್ ಕ್ರೈಸ್ತರಾದ ಚಾರ್ಲ್ಸ್ ಮಲಿಕ್ ಇದ್ದರು. ಪುರುಷರನ್ನು ಮಾತ್ರ ಸೂಚಿಸಬಹುದಾಗಿದ್ದ ಆಂಗ್ಲ ಪದವನ್ನು ಬಿಟ್ಟು ಎಲ್ಲ ಮಾನವಜೀವಿಗಳು ಎಂಬ ಅರ್ಥದ ಪದವನ್ನು ತಂದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ೧೯೪೮ರ ಡಿಸೆಂಬರ್ ೧೦ರಂದು ಪ್ಯಾರಿಸಿನಲ್ಲಿ ಘೋಷಣೆಯು ಅಂಗೀಕೃತವಾಯಿತು: ಪರವಾಗಿ ೪೮ ಮತಗಳು, ತಟಸ್ಥರು ೮, ವಿರೋಧವಾಗಿ ಒಂದೂ ಇಲ್ಲ. ಅದರ ಪೀಠಿಕೆಯು ಮೂಲಭೂತ ಹಕ್ಕುಗಳಲ್ಲಿಯೂ ಮನುಷ್ಯನ ಘನತೆಯಲ್ಲಿಯೂ ಲೋಕದ ಜನರಿಗಿರುವ ನಂಬಿಕೆಯನ್ನು ಹೇಳುತ್ತದೆ. ನಂಬಿಕೆ ಎಂಬ ಪದವನ್ನೇ ಬಳಸಿದೆ. ಆ ನಂಬಿಕೆಗೆ ಆಧಾರವನ್ನು ಹೇಳಿಲ್ಲ. ೧೯೬೬ರ ಎರಡು ಅಂತರರಾಷ್ಟ್ರೀಯ ಒಡಂಬಡಿಕೆಗಳು ಒಂದು ಹೆಜ್ಜೆ ಮುಂದೆ ಹೋಗಿ, ಹಕ್ಕುಗಳು ಮನುಷ್ಯನ ಸಹಜ ಘನತೆಯಿಂದ ಹೊರಡುತ್ತವೆಂದು ಹೇಳಿದವು. ಘನತೆ ಎಲ್ಲಿಂದ ಬಂದಿತೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ದೇವರ ಹೆಸರನ್ನು ಬಿಟ್ಟದ್ದಕ್ಕಾಗಿ ಘೋಷಣೆಯನ್ನು ದೂಷಿಸುವ ಕ್ರೈಸ್ತರಿದ್ದಾರೆ. ನಾವು ಅವರನ್ನು ಒಪ್ಪುವುದಿಲ್ಲ. ಚಾಂಗ್ ಅವರ ಆಕ್ಷೇಪಣೆಯು ನ್ಯಾಯವಾದದ್ದು. ನಮ್ಮ ವಿಶ್ವಾಸದ ಮಾತನ್ನು ಬಹುಮತದಿಂದ ಇತರರ ಬಾಯಲ್ಲಿ ಆಡಿಸುವುದು ಆ ವಿಶ್ವಾಸಕ್ಕೇ ಗೌರವವಲ್ಲ. ಘೋಷಣೆಯಲ್ಲಿ ತೆರವಾಗಿ ಬಿಟ್ಟ ಆ ಸ್ಥಳವನ್ನು ಪ್ರತಿಯೊಂದು ಸಮುದಾಯವೂ ತನ್ನ ಭಂಡಾರದಿಂದ ತುಂಬಬೇಕಾಗಿದೆ. ಈ ನಾಡಿನ ಶರಣರ ಪರಂಪರೆಯವರಿಗೆ ತಮ್ಮದೇ ಆದ ಆಧಾರವಿದೆ. ಬೌದ್ಧರಿಗಿದೆ, ಮುಸಲ್ಮಾನರಿಗಿದೆ, ದೇವರನ್ನು ನಂಬದವರಿಗೂ ಇದೆ. ಆದರೆ ಧಾರವಾಡದ ಇತಿಹಾಸವು ನಮಗೆ ಒಂದು ಎಚ್ಚರಿಕೆಯನ್ನು ಕೊಡುತ್ತದೆ: ಏಕೆಂದು ಕೇಳದ ಒಪ್ಪಂದವು ಕಾನೂನನ್ನು ಬರೆಯಲು ಸಾಕು, ಬೆಲೆ ತೆರಬೇಕಾಗಿ ಬಂದ ದಿನ ಆ ಕಾನೂನಿನ ಪಕ್ಷದಲ್ಲಿ ನಿಲ್ಲಲು ಸಾಲದು. ೧೮೫೮ರ ತತ್ವಕ್ಕೆ ಆದದ್ದು ೧೯೪೮ರ ತತ್ವಕ್ಕೂ ಆಗಬಲ್ಲದು.

ದೇವಸ್ವರೂಪವೆಂಬ ಆಧಾರ

ಹಾಗಾದರೆ ನಮ್ಮ ಭಂಡಾರದಲ್ಲಿರುವುದೇನು? ತತ್ವಜ್ಞಾನಿ ಇಮಾನುಯೆಲ್ ಕಾಂಟ್ ಬೆಲೆಗೂ ಘನತೆಗೂ ಇರುವ ಭೇದವನ್ನು ತೋರಿಸಿದರು. ಬೆಲೆಯುಳ್ಳದ್ದರ ಬದಲಿಗೆ ಮತ್ತೊಂದನ್ನು ಇಡಬಹುದು. ಘನತೆಯುಳ್ಳದ್ದಕ್ಕೆ ಬದಲಿ ಇಲ್ಲ. ಇದು ಅಮೂಲ್ಯವಾದ ವಿಚಾರ. ಆದರೆ ಕಾಂಟ್ ಅವರಲ್ಲಿ ಘನತೆಯ ಆಸನವು ವಿವೇಕದಿಂದ ತನ್ನನ್ನು ತಾನೇ ಆಳಿಕೊಳ್ಳುವ ಶಕ್ತಿ. ಶಕ್ತಿಯ ಮೇಲೆ ನಿಂತ ಘನತೆಯು ಶಕ್ತಿಯಿಲ್ಲದವರ ಬಳಿಗೆ ಬಂದಾಗ ತಡವರಿಸುತ್ತದೆ. ಹಾಲುಗೂಸು, ಬುದ್ಧಿ ಬೆಳೆಯದ ಮಗು, ನೆನಪು ಅಳಿದ ಮುದುಕಿ ಇವರೆಲ್ಲರೂ ಯಾವ ಆಧಾರದ ಮೇಲೆ ನಿಲ್ಲಬೇಕು? ಅಸ್ಪೃಶ್ಯರೆನಿಸಿದವರಿಗೆ ವಿದ್ಯೆ ಹತ್ತುವುದಿಲ್ಲವೆಂಬ ಸುಳ್ಳನ್ನು ಹೇಳಿಯೇ ಎಷ್ಟು ಶಾಲೆಗಳ ಬಾಗಿಲುಗಳು ಮುಚ್ಚಿದ್ದವೆಂಬುದನ್ನು ನೆನೆದರೆ, ಶಕ್ತಿಯನ್ನು ಆಧಾರವಾಗಿ ಮಾಡುವುದರ ಅಪಾಯವು ತಿಳಿಯುತ್ತದೆ.

ಆದಿಕಾಂಡದ ಮೊದಲನೆಯ ಅಧ್ಯಾಯವು ದೇವಸ್ವರೂಪವನ್ನು ಮನುಷ್ಯನ ಯಾವುದೋ ಒಂದು ಶಕ್ತಿಯೆಂದು ಹೆಸರಿಸುವುದಿಲ್ಲ. ಪ್ರಾಚೀನ ಪೂರ್ವದೇಶಗಳಲ್ಲಿ ದೇವರ ಪ್ರತಿರೂಪವೆಂಬ ಬಿರುದು ಅರಸನದಾಗಿತ್ತು. ಸತ್ಯವೇದವು ಅದನ್ನು ಅರಸನಿಂದ ತೆಗೆದು ಗಂಡಿಗೂ ಹೆಣ್ಣಿಗೂ, ಎಲ್ಲರಿಗೂ, ಕೊಟ್ಟಿತು. ನಮ್ಮ ಸೀಮೆಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಮನೆತನದ ವತನವಾಗಿದ್ದುದನ್ನು ಮಾನವಕುಲದ ವತನವನ್ನಾಗಿ ಮಾಡಿತು. ದೇವರು ಮನುಷ್ಯನೊಡನೆ ಮಾತನಾಡುತ್ತಾನೆ, ಅವನನ್ನು ತನಗೆ ಉತ್ತರ ಕೊಡತಕ್ಕವನನ್ನಾಗಿ ಎಣಿಸುತ್ತಾನೆ; ಘನತೆಯು ಈ ಸಂಬಂಧದಲ್ಲಿದೆ. ಈ ಸಂಬಂಧವನ್ನು ಮನುಷ್ಯನು ಗಳಿಸಲಿಲ್ಲವಾದ್ದರಿಂದ ಕಳೆದುಕೊಳ್ಳುವುದೂ ಅವನ ಕೈಯಲ್ಲಿಲ್ಲ. ಇತರರು ಕಸಿದುಕೊಳ್ಳುವುದೂ ಅವರ ಕೈಯಲ್ಲಿಲ್ಲ. ಪ್ರತಿಯೊಬ್ಬನೂ ದೇವರ ಮುಂದೆ ಒಬ್ಬೊಬ್ಬನಾಗಿಯೇ ನಿಂತಿರುವುದರಿಂದ ಒಬ್ಬನನ್ನು ನೂರು ಜನರ ಎದುರು ತೂಗುವ ತಕ್ಕಡಿಯೇ ಇಲ್ಲ.

ಮಾನವ ಹಕ್ಕುಗಳು ಪಶ್ಚಿಮದವರ ಸರಕೆಂಬ ಆಕ್ಷೇಪಣೆಗೂ ಇಲ್ಲಿ ಉತ್ತರವಿದೆ. ಧಾರವಾಡದ ಹುಡುಗನಿಗೆ ಪ್ಯಾರಿಸ್ಸಿನ ಘೋಷಣೆಯು ದಾರಿ ತೋರಿಸಲಿಲ್ಲ. ಆಗ ಅದು ಇರಲೇ ಇಲ್ಲ. ಹಕ್ಕುಗಳ ತತ್ವಜ್ಞಾನವು ಎಲ್ಲಿ ಹುಟ್ಟಿದರೂ ಹಕ್ಕುಗಳು ಹುಟ್ಟುವುದು ಅನ್ಯಾಯವನ್ನು ಅನುಭವಿಸಿದವರ ಮೊರೆಯಲ್ಲಿ. ವಿಮೋಚನಕಾಂಡದಲ್ಲಿಯೂ ಧರ್ಮಶಾಸ್ತ್ರವು ಬರುವ ಮೊದಲು ಮೊರೆಯಿದೆ. ದೇವರು ಆ ಮೊರೆಯನ್ನು ಕೇಳಿದ ನಂತರವೇ ಸೀನಾಯಿಯ ಆಜ್ಞೆಗಳು ಬಂದವು. ಮೊರೆಯಿಡುವವನು ತನ್ನ ಮೊರೆಗೆ ಉತ್ತರ ಸಿಗತಕ್ಕದ್ದೆಂದು ನಂಬಿ ಕೂಗುತ್ತಾನೆ. ಆ ನಂಬಿಕೆಯು ಸುಳ್ಳಲ್ಲವೆಂದು ಹೇಳುವುದೇ ತಾತ್ವಿಕ ಸಮರ್ಥನೆಯ ಕೆಲಸ.

ಸಭೆಯ ಲೆಕ್ಕಪುಸ್ತಕ

ಇಷ್ಟನ್ನು ಹೇಳಿದ ಮೇಲೆ ನಾವು ನಮ್ಮ ಕಡೆಗೂ ತಿರುಗಿ ನೋಡಬೇಕು. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು ೧೮೩೭ರಲ್ಲಿ. ಹುಬ್ಬಳ್ಳಿಗೆ ೧೮೩೯ರಲ್ಲಿ, ಗದಗಿನ ಬಳಿಯ ಬೆಟಗೇರಿಗೆ ೧೮೪೧ರಲ್ಲಿ. ಆ ಅರ್ಜಿ ಬರೆಯಲ್ಪಟ್ಟಾಗ ಧಾರವಾಡದಲ್ಲಿ ಸುವಾರ್ತೆಯು ಸುಮಾರು ಇಪ್ಪತ್ತು ವರ್ಷಗಳಿಂದ ಸಾರಲ್ಪಡುತ್ತಿತ್ತು. ಸಭೆಯೊಳಗೆ ಜಾತಿಭೇದ ಸಲ್ಲದೆಂದು ಮಿಷನರಿಗಳು ಪಟ್ಟುಹಿಡಿದರು. ಇದಕ್ಕಾಗಿ ನಾವು ಕೃತಜ್ಞರಾಗಿರಬೇಕು. ಆದರೆ ಸರಕಾರವನ್ನು ತತ್ವದ ಮುಂದೆ ನಿಲ್ಲಿಸಿದ್ದು ಯಾವ ಪ್ರಸಂಗವೂ ಅಲ್ಲ, ಒಬ್ಬ ಹುಡುಗನ ಅರ್ಜಿ. ಆ ಅರ್ಜಿಗೆ ಇಲ್ಲವೆಂದು ಉತ್ತರ ಬರೆದವರಿಗೂ ಸತ್ಯವೇದವು ಅಪರಿಚಿತವಾದ ಗ್ರಂಥವಾಗಿರಲಿಲ್ಲ. ದೇವಸ್ವರೂಪದ ಉಪದೇಶವನ್ನು ತಿಳಿದಿರುವುದೂ ಅದರ ಬೆಲೆಯನ್ನು ತೆರುವುದೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಾಗಿಲ್ಲ.

ನಾಡಿನ ಕಾನೂನು ಮುಂದೆ ಸಾಗಿದೆ. ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಸರಕಾರವು ನಡೆಸುವ ಅಥವಾ ಸರಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗೆ ಯಾವ ನಾಗರಿಕನನ್ನೂ ಧರ್ಮ, ಕುಲ, ಜಾತಿ, ಭಾಷೆಗಳ ಕಾರಣದಿಂದ ಸೇರಿಸಿಕೊಳ್ಳದಿರಲಾಗದೆಂದು ೨೯ನೆಯ ಅನುಚ್ಛೇದದ ಎರಡನೆಯ ಖಂಡವು ವಿಧಿಸಿತು. ಧಾರವಾಡದ ಅರ್ಜಿಗೆ ದೊರೆತ ಪೂರ್ಣವಾದ ಉತ್ತರವಿದೆಂದು ನಾವು ಓದುತ್ತೇವೆ. ೧೯೯೨ರಲ್ಲಿ ಕರ್ನಾಟಕದಿಂದಲೇ ಹೋದ ಮತ್ತೊಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಹೆಜ್ಜೆ ಮುಂದಿಟ್ಟಿತು. ತುಮಕೂರಿನ ಒಂದು ವೈದ್ಯಕೀಯ ಕಾಲೇಜು ಕೇಳಿದ ದೊಡ್ಡ ಶುಲ್ಕವನ್ನು ತೆರಲಾರದ ವಿದ್ಯಾರ್ಥಿನಿಯು ತಂದ ಮೋಹಿನಿ ಜೈನ್ ಪ್ರಕರಣವದು. ಜೀವಿಸುವ ಹಕ್ಕಿನಲ್ಲಿ ಮನುಷ್ಯಘನತೆ ಅಡಗಿದೆ, ವಿದ್ಯೆಯಿಲ್ಲದೆ ಆ ಘನತೆಯು ನಿಲ್ಲದು, ಆದ್ದರಿಂದ ವಿದ್ಯೆಯೂ ಹಕ್ಕೇ ಎಂದು ನ್ಯಾಯಾಲಯವು ತರ್ಕಿಸಿತು. ಮರುವರ್ಷದ ತೀರ್ಪು ಇದನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳ ಶಿಕ್ಷಣಕ್ಕೆ ಸೀಮಿತಗೊಳಿಸಿತು. ೨೦೦೨ರ ತಿದ್ದುಪಡಿಯಿಂದ ೨೧ಎ ಅನುಚ್ಛೇದವೂ ೨೦೦೯ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯೂ ಬಂದವು. ೧೮೫೬ರಲ್ಲಿ ಜಾತಿಯು ಮುಚ್ಚಿದ್ದ ಬಾಗಿಲನ್ನು ೧೯೯೨ರಲ್ಲಿ ಹಣವು ಮುಚ್ಚಿತ್ತು. ಸಭೆಗಳೂ ಮಿಷನ್ನುಗಳೂ ನಡೆಸುವ ವಿದ್ಯಾಸಂಸ್ಥೆಗಳು ಈ ಎರಡನೆಯ ಬಾಗಿಲಿನ ಮುಂದೆ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲಿ.

ಸಭಾಪಾಲನೆಗೆ ಹೊರಡುವ ವಿದ್ಯಾರ್ಥಿಗಳಿಗೆ ಈ ಇತಿಹಾಸವು ದೂರದ್ದೆಂದು ತೋರಬಾರದು. ಮುಂಬಯಿ ಸರಕಾರದ ಆ ಮೂರು ಮಾತುಗಳನ್ನು ಅವರು ಸಭೆಯ ಆಡಳಿತ ಸಮಿತಿಯ ಕೋಣೆಯಲ್ಲಿಯೇ ಕೇಳುವರು. ದೂರು ತಂದವಳ ಪಕ್ಷದಲ್ಲಿ ನ್ಯಾಯವಿದೆ, ನಿಜ. ಆದರೆ ಒಬ್ಬಳಿಗೋಸ್ಕರ ಸಭೆಯ ಸಮಾಧಾನವನ್ನು ಕೆಡಿಸಬೇಕೇ? ಈ ತೊಂದರೆಯನ್ನು ನಾವು ಉಂಟುಮಾಡಲಿಲ್ಲವಲ್ಲಾ? ಕಾಲ ಪಕ್ವವಾಗಲಿ, ಎಚ್ಚರಿಕೆಯಿಂದ ನಡೆಯೋಣ. ಈ ಮಾತುಗಳು ದುಷ್ಟರ ಬಾಯಿಂದ ಬರುವುದಿಲ್ಲ. ಸಭೆಯನ್ನು ಪ್ರೀತಿಸುವ ಹಿರಿಯರ ಬಾಯಿಂದಲೇ ಬರುತ್ತವೆ. ಆಗ ಸಭಾಪಾಲಕನು ಕೇಳಬೇಕಾದದ್ದು ಎಷ್ಟು ನಷ್ಟವಾದೀತೆಂಬುದನ್ನು ಮಾತ್ರವಲ್ಲ; ಆ ನಷ್ಟವನ್ನು ಯಾರ ಹೆಗಲ ಮೇಲೆ ಇಡುತ್ತಿದ್ದೇವೆಂಬುದನ್ನು. ಅದು ದೂರು ತಂದವರ ಹೆಗಲೇ ಆಗಿದ್ದರೆ, ನಾವು ಕುಳಿತಿರುವುದು ಕಾಯಫನ ಸಭೆಯಲ್ಲಿ.

ಬೆಳವಣಕಿಯಂತಹ ಊರಿನ ಶಾಲೆಯಲ್ಲಿ ಇಂದು ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಓದಬೇಕೆಂಬುದು ನೆಲದ ಕಾನೂನು. ಆ ಸಾಲಿನಲ್ಲಿ ಒಂದು ಮಗುವನ್ನು ಬೇರೆಯಾಗಿ ಕೂರಿಸಿದ ದಿನ, ಊಟಕ್ಕೆ ಬೇರೆ ಪಂಕ್ತಿಯನ್ನು ಮಾಡಿದ ದಿನ, ಕಾನೂನಿನ ಪುಸ್ತಕವು ತಾನಾಗಿ ಎದ್ದು ಬಂದು ಮಾತನಾಡುವುದಿಲ್ಲ. ಊರಿನಲ್ಲಿ ಯಾರಾದರೂ ಎದ್ದು ನಿಂತು, ಇದು ಏಕೆ ಸಲ್ಲದೆಂಬುದನ್ನು ತಮ್ಮ ವಿಶ್ವಾಸದ ಆಳದಿಂದ ಹೇಳಬೇಕಾಗುತ್ತದೆ. ಧಾರವಾಡದ ಹುಡುಗನು ತನ್ನ ಅರ್ಜಿಯನ್ನು ಒಬ್ಬನೇ ಸಲ್ಲಿಸಿದನು. ಮುಂದಿನ ಅರ್ಜಿಯ ಕೆಳಗೆ ಸಭೆಯ ಸಹಿಯೂ ಇರಲಿ.